ದೂರದ ಭೂಕಂಪ ಇನ್ನೊಂದನ್ನು ಎಬ್ಬಿಸುತ್ತದಾ? ನಾನು ನೋಡಿದ ರೀತಿ

ಎಲ್ಲೋ ದೊಡ್ಡ ಭೂಕಂಪ ಆದ ಕೂಡಲೇ 'ಮುಂದಿನದು ಎಲ್ಲಿ?' ಅನ್ನೋ ಮೆಸೇಜ್‌ಗಳು ಶುರುವಾಗುತ್ತವೆ. ಕಂಪನದ ದಾಖಲೆ ಓದೋದೇ ನನ್ನ ಕೆಲಸ. ಹಾಗಾಗಿ ನನ್ನ ಫೋನಿಗೂ ಬರುತ್ತವೆ. ಬಾಯಿಮಾತಿನ ಉತ್ತರ ಸಾಕಾಗಿ, ಡೇಟಾ ಇಳಿಸಿಕೊಂಡು ನೋಡಲು ಕೂತೆ.

ಆರಿಸಿಕೊಂಡದ್ದು 2002ರ ನವೆಂಬರ್ 3ರ ಅಲಾಸ್ಕಾದ ಡೆನಾಲಿ ಭೂಕಂಪ. ತೀವ್ರತೆ 7.9. ಅದರ ಪರಿಣಾಮ ಹುಡುಕಿದ್ದು ಅಲ್ಲಿಂದ ಸುಮಾರು 3,100 ಕಿ.ಮೀ. ದೂರದ ಯೆಲ್ಲೋಸ್ಟೋನ್‌ನಲ್ಲಿ, ಅಮೆರಿಕದ ರಾಷ್ಟ್ರೀಯ ಉದ್ಯಾನ ಅದು. ಆ ಉದ್ಯಾನದ ಕಂಪನ ಅಳೆಯುವ ಕೇಂದ್ರಗಳ ದಾಖಲೆ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಕಂಪನದ ದಾಖಲೆ ಓದಲೆಂದೇ ಇರುವ ಆಬ್ಸ್‌ಪೈ ಅನ್ನೋ ಪೈಥಾನ್ ಸಾಫ್ಟ್‌ವೇರ್ ಇದ್ದರೆ ಸಾಕು. ತೆರೆದ ತಕ್ಷಣ ಕಾಣುವುದು ಡೆನಾಲಿಯ ದೊಡ್ಡ ಅಲೆ ಮಾತ್ರ. ನೆಲದ ಮೇಲ್ಪದರದಲ್ಲಿ ಹರಿಯುವ ಈ ಅಲೆ ಸೆಕೆಂಡಿಗೆ ಮೂರೂವರೆಯಿಂದ ನಾಲ್ಕು ಕಿ.ಮೀ. ಸಾಗುತ್ತದೆ. ಅಂದರೆ ಬಂದು ಮುಟ್ಟಲು ಹೆಚ್ಚುಕಮ್ಮಿ ಕಾಲು ಗಂಟೆ.

ಮಜಾ ಇರುವುದು ಫಿಲ್ಟರ್ ಹಾಕಿದ ಮೇಲೆ. ಅಷ್ಟು ದೂರ ಬರುವಷ್ಟರಲ್ಲಿ ವೇಗದ ಕಂಪನಗಳೆಲ್ಲ ಕಲ್ಲಿನಲ್ಲೇ ಇಂಗಿಹೋಗಿರುತ್ತವೆ. ಉಳಿಯುವುದು ಒಂದು ಸಲ ತೂಗಲು ಇಪ್ಪತ್ತು ಸೆಕೆಂಡ್ ತೆಗೆದುಕೊಳ್ಳುವ ಉದ್ದನೆಯ ಅಲೆ. 5 ಹರ್ಟ್ಸ್‌ಗಿಂತ ಕೆಳಗಿನದನ್ನು, ಅಂದರೆ ಸೆಕೆಂಡಿಗೆ ಐದು ಸಲಕ್ಕಿಂತ ನಿಧಾನ ತೂಗುವುದನ್ನು, ಫಿಲ್ಟರ್‌ನಿಂದ ತೆಗೆದರೆ ಅದು ಮಾಯ. ಜಾತ್ರೆಯಲ್ಲಿ ತಮಟೆ ನಿಂತಾಗ ಪಕ್ಕದವರ ಮಾತು ಕೇಳಿಸುತ್ತಲ್ಲ, ಹಾಗೆ ಅಡಿಯಲ್ಲಿ ಮುಚ್ಚಿಹೋಗಿದ್ದ ಚೂಪು ಗೆರೆಗಳು ಮೇಲೆ ಬರುತ್ತವೆ. ಪ್ರತಿಯೊಂದೂ ಒಂದು ಪುಟ್ಟ ಭೂಕಂಪ: ಮೊದಲು ವೇಗವಾಗಿ ಬರುವ ಪಿ ಅಲೆ, ಕೆಲವೇ ಸೆಕೆಂಡ್ ಬಿಟ್ಟು ನಿಧಾನದ ಎಸ್ ಅಲೆ. ಆ ಅಂತರವನ್ನು ಎಂಟರಿಂದ ಗುಣಿಸಿದರೆ ದೂರ ಕಿ.ಮೀ.ಗಳಲ್ಲಿ ಅಂದಾಜು ಸಿಗುತ್ತದೆ. ಇವು ಅಲಾಸ್ಕಾದವಲ್ಲ, ಕೇಂದ್ರದ ಆಸುಪಾಸಿನವೇ.

ಕಾಕತಾಳೀಯ ಇರಬಹುದಲ್ವಾ? ಯೆಲ್ಲೋಸ್ಟೋನ್‌ನಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಸಾವಿರಕ್ಕೂ ಜಾಸ್ತಿ ಪುಟ್ಟ ಕಂಪನಗಳು ಆಗುತ್ತಲೇ ಇರುತ್ತವೆ. ಅದಕ್ಕೇ ಬೇರೆ ದಿನಗಳ ಅಷ್ಟೇ ಹೊತ್ತಿನ ದಾಖಲೆ ತೆಗೆದು ಹೋಲಿಸಿದೆ. ಈ ಹೆಜ್ಜೆ ಬಿಟ್ಟವರ ಲೆಕ್ಕ ನಾನು ನಂಬುವುದಿಲ್ಲ. ಡೆನಾಲಿ ದಿನದ ಏರಿಕೆ ಎದ್ದು ಕಂಡಿತು. ಪ್ರಕಟವಾದ ಅಧ್ಯಯನದಲ್ಲೂ ಮೊದಲ 24 ಗಂಟೆಯಲ್ಲಿ 250ಕ್ಕೂ ಹೆಚ್ಚು ಕಂಪನಗಳ ಲೆಕ್ಕ ಇದೆ. ಅಲ್ಲಿನ ಕೆಲವು ಬಿಸಿನೀರಿನ ಬುಗ್ಗೆಗಳು ಚಿಮ್ಮುವ ಹೊತ್ತೂ ಬದಲಾಗಿತ್ತು.

ಇವೆಲ್ಲ ಸಣ್ಣವು. ದೊಡ್ಡವನ್ನು ಎಬ್ಬಿಸಿದ ಉದಾಹರಣೆ ಅಂದರೆ 2012ರ ಏಪ್ರಿಲ್ 11ರ ಸುಮಾತ್ರಾ ಸಮುದ್ರದ 8.6. ಬೆಂಗಳೂರಿನಲ್ಲೂ ಜನ ಆಫೀಸು ಬಿಟ್ಟು ಓಡಿಬಂದ ದಿನ ಅದು. ಮುಂದಿನ ಆರು ದಿನ ಜಗತ್ತಿನ ದೂರದ ಕಡೆಗಳಲ್ಲಿ 5.5ಕ್ಕೂ ಮೇಲಿನ ಭೂಕಂಪಗಳು ಮಾಮೂಲಿಗಿಂತ ಹತ್ತಿರ ಹತ್ತಿರ ಐದು ಪಟ್ಟು ಆದವು. ಆದರೆ ಇದು ಅಪರೂಪ. ಮೂವತ್ತು ವರ್ಷದ ದಾಖಲೆ ಜಾಲಾಡಿದ 2011ರ ಅಧ್ಯಯನಕ್ಕೆ, 7ಕ್ಕೂ ಮೇಲಿನ ಭೂಕಂಪದ ನಂತರ ಸಾವಿರ ಕಿ.ಮೀ. ಆಚೆ 5ರಿಂದ 7ರ ನಡುವಿನ ಭೂಕಂಪಗಳು ಹೆಚ್ಚಿದ ಗುರುತು ಸಿಗಲಿಲ್ಲ.

ಮುನ್ಸೂಚನೆ ಕೊಡೋಕೆ ಇಷ್ಟು ಸಾಲದು. ಹಾದುಹೋಗುವ ಅಲೆ ಕೊಡುವುದು ಸಣ್ಣ ತಳ್ಳು. ಆಗಲೇ ಜಾರಲು ತಯಾರಾಗಿರುವ ಬಿರುಕು ಮಾತ್ರ ಅದಕ್ಕೆ ಜಾರುತ್ತದೆ. ಯಾವುದು ತಯಾರಾಗಿದೆ ಅನ್ನೋದನ್ನು ಅಲೆ ಹೇಳುವುದಿಲ್ಲ. ಹಾಗಾಗಿ ನಾನು ಸಂಭವದ ಮಾತು ಆಡುವುದು ಭೂಕಂಪವಾದ ಜಾಗದ ಸುತ್ತಿನ ಆಫ್ಟರ್‌ಶಾಕ್‌ಗಳ, ಅಂದರೆ ಅದರ ಬೆನ್ನಿಗೇ ಬರುವ ಕಂಪನಗಳ ಬಗ್ಗೆ ಮಾತ್ರ. ಅವು ದಿನ ಕಳೆದಂತೆ ಹೇಗೆ ಇಳಿಯುತ್ತವೆ ಅನ್ನೋದಕ್ಕೆ ಜಪಾನಿನ ಭೂಕಂಪ ವಿಜ್ಞಾನಿ ಒಮೊರಿ 1894ರಲ್ಲೇ ಸೂತ್ರ ಕೊಟ್ಟಿದ್ದಾನೆ, ತುಸು ತಿದ್ದಿದ ರೂಪದಲ್ಲಿ ಇಂದಿಗೂ ಅದೇ ನಡೆಯುತ್ತದೆ.