ಮನೇಲೇ ಶೂ ರಿಪೇರಿ ಶುರು ಮಾಡೋರಿಗೆ ಒಂದೆರಡು ಮಾತು

ನಮ್ಮ ಬೆಂಗಳೂರಲ್ಲಿ ಮಳೆ ಶುರುವಾದ್ರೆ ಸೋಲ್ ಬಿಟ್ಕೊಂಡಿರೋ ಶೂಗಳೇ ಜಾಸ್ತಿ ಬರೋದು, ಅದಕ್ಕೆ ಮಷೀನ್‌ಗೆ ದುಡ್ಡು ಹಾಕೋ ಮುಂಚೆ ಅಂಟ್ಸೋ ಕೆಲಸ ಸರಿಯಾಗಿ ಕಲೀರಿ. ಮೂರು ಕಾಲಿನ ಕಬ್ಬಿಣದ ಅಚ್ಚು, ಸುತ್ತಿಗೆ, ದಬ್ಬಣ, ಗಟ್ಟಿ ನೈಲಾನ್ ದಾರ, ಸ್ಯಾಂಡ್ ಪೇಪರ್, ಒಂದು ಡಬ್ಬ ಗಮ್ ಇಷ್ಟಿದ್ರೆ ಶುರು ಮಾಡ್ಬೋದು.

ಶೂ ಒಳಗೆ ಪೇಪರ್ ತುಂಬಿ ಪೂರ್ತಿ ಒಣಗಿಸಿ, ಹಳೇ ಗಮ್ ಎಲ್ಲಾ ಉಜ್ಜಿ ತೆಗೀರಿ, ಆಮೇಲೆ ಎರಡೂ ಕಡೆ ತೆಳ್ಳಗೆ ಹಚ್ಚಿ ಹತ್ತು ಹದಿನೈದು ನಿಮಿಷ ಹಂಗೇ ಬಿಡಿ, ಬೆರಳಿಟ್ರೆ ಗಮ್ ಕೈಗೆ ಬರಬಾರ್ದು, ಆಗ ಕೂರಿಸಿ ಸುತ್ತಿಗೇಲಿ ತಟ್ಟಿ ಒಂದು ದಿನ ಮುಟ್ಟಬೇಡಿ. ಹಸಿ ಇದ್ದಾಗ್ಲೇ ಅಂಟಿಸಿದ್ರೆ ವಾರಕ್ಕೆ ವಾಪಸ್ ಬರತ್ತೆ. ಕಿಟಕಿ ತೆಗೆದಿಡಿ, ಒಲೆ ಹತ್ರ ಅಂತೂ ಬೇಡ್ವೇ ಬೇಡ, ಆ ಗಮ್‌ಗೆ ಬೇಗ ಬೆಂಕಿ ಹತ್ಕೊಳತ್ತೆ.

ವರ್ಷಗಟ್ಲೆ ಡಬ್ಬದಲ್ಲೇ ಇಟ್ಟಿದ್ದ ಶೂನ ಪಿಯು (ಪಾಲಿಯುರೆಥೇನ್ ಅನ್ನೋ ಒಂಥರ ಪ್ಲಾಸ್ಟಿಕ್) ಸೋಲ್ ಪುಡಿಪುಡಿ ಆಗ್ತಿದ್ರೆ ಗಮ್ ನಿಲ್ಲಲ್ಲ, ಸೋಲೇ ಬದಲಾಯಿಸ್ಬೇಕು ಅಂತ ಗಿರಾಕಿಗೆ ಮೊದ್ಲೇ ಹೇಳ್ಬಿಡಿ.

ಕೈಕಸುಬಿನವರಿಗೆ ಅಂತ 2023ರಲ್ಲಿ ಬಂದ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೇಲಿ ಚಮ್ಮಾರಿಕೆನೂ ಇದೆ, ಟೂಲ್‌ಕಿಟ್‌ಗೆ 15,000 ರೂಪಾಯಿವರೆಗೂ ನೆರವು ಉಂಟು, ಹತ್ರದ ಸಿಎಸ್‌ಸಿ (ಕಾಮನ್ ಸರ್ವಿಸ್ ಸೆಂಟರ್)ನಲ್ಲಿ ವಿಚಾರ್ಸಿ.