ಅಗಲ ಲೆನ್ಸ್ ಹಾಕಿದ್ದೀರಾ? ಹಾಗಾದರೆ ಹತ್ತಿರ ಹೋಗಿ

ಮೊದಲ ಸಲ ಅಲ್ಟ್ರಾ ವೈಡ್, ಅಂದರೆ ತುಂಬಾ ಅಗಲದ ನೋಟ ಹಿಡಿಯುವ ಲೆನ್ಸ್ ಕೊಂಡಾಗ ಸೀದಾ ಹಂಪಿಗೆ ಹೋಗಿದ್ದೆ. ಬೆಳಗಿನ ಜಾವ ಟಾರ್ಚ್ ಹಿಡಿದು ಮತಂಗ ಬೆಟ್ಟ ಹತ್ತಿದೆ. ಕೆಳಗೆ ಅಚ್ಯುತರಾಯ ದೇವಸ್ಥಾನ, ಆಚೆ ತುಂಗಭದ್ರೆ, ಸುತ್ತ ಬಂಡೆಗಳ ರಾಶಿ. ಎಲ್ಲವೂ ಒಂದೇ ಫ್ರೇಮಿಗೆ ಬಂತಲ್ಲ ಅಂತ ಖುಷಿಯೋ ಖುಷಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ದೇವಸ್ಥಾನ ಬೆಂಕಿಪೊಟ್ಟಣದಷ್ಟಿತ್ತು. ಮುಕ್ಕಾಲು ಪಾಲು ಬರೀ ಆಕಾಶ. ಇಟ್ಟುಕೊಳ್ಳುವಂಥ ಫೋಟೊ ಒಂದೂ ಇರಲಿಲ್ಲ.

ತಪ್ಪು ಲೆನ್ಸಿನದಲ್ಲ, ನನ್ನದೇ. ಅಗಲ ಲೆನ್ಸಿನಲ್ಲಿ ದೂರದ್ದೆಲ್ಲ ಪುಟ್ಟದಾಗಿ ಹಿಂದಕ್ಕೆ ಹೋಗುತ್ತದೆ, ಹತ್ತಿರದ್ದು ದೊಡ್ಡದಾಗಿ ಎದ್ದು ಬರುತ್ತದೆ. ಬೆಟ್ಟದ ಮೇಲಿಂದ ದೇವಸ್ಥಾನ ತೆಗೆಯುವುದಾದರೆ 50 ಅಥವಾ 70 ಎಂಎಂ ಲೆನ್ಸ್ ಸಾಕು (ಈ ಅಂಕಿ ಲೆನ್ಸಿನ ಫೋಕಲ್ ಲೆಂತ್, ಕಡಿಮೆಯಾದಷ್ಟೂ ನೋಟ ಅಗಲ). ಅಗಲ ಲೆನ್ಸಿಗೆ ಕೆಲಸ ಇರುವುದು ಕೆಳಗೆ, ನೆಲದ ಹತ್ತಿರ.

ಮೊದಲು ನಿಮ್ಮ ಲೆನ್ಸಿನ ಲೆಕ್ಕ

ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ (ಅದರ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಚಿಪ್, ಹಳೆಯ 35 ಎಂಎಂ ಫಿಲ್ಮಿನ ಫ್ರೇಮಿನಷ್ಟೇ ದೊಡ್ಡದು) 24 ಎಂಎಂಗಿಂತ ಕಡಿಮೆ ಇದ್ದರೆ ಅದನ್ನು ಸಾಮಾನ್ಯವಾಗಿ ಅಲ್ಟ್ರಾ ವೈಡ್ ಅನ್ನುತ್ತಾರೆ. 50 ಎಂಎಂ ಲೆನ್ಸ್ ಅಡ್ಡಕ್ಕೆ ಸುಮಾರು 40 ಡಿಗ್ರಿ ನೋಡುತ್ತದೆ. 16 ಎಂಎಂ ನೋಡುವುದು ಸುಮಾರು 97 ಡಿಗ್ರಿ. ನಿಮ್ಮದು ಸಣ್ಣ ಸೆನ್ಸರಿನ ಕ್ಯಾಮೆರಾ ಆಗಿದ್ದರೆ ಲೆನ್ಸ್ ಮೇಲಿನ ಅಂಕಿಯನ್ನು ಗುಣಿಸಿಕೊಳ್ಳಿ: ನಿಕಾನ್, ಸೋನಿ, ಫ್ಯೂಜಿಗೆ 1.5, ಕ್ಯಾನನ್‌ಗೆ 1.6. ಕ್ಯಾಮೆರಾ ಜೊತೆ ಬಂದ 18–55 ಲೆನ್ಸಿನ 18 ಎಂಎಂ ಆಗ 27ರ ಹತ್ತಿರ ಬಂದು ನಿಲ್ಲುತ್ತದೆ. ಅಂಥವರಿಗೆ 10–18 ಅಥವಾ 10–20 ಜೂಮ್ ಬೇಕು. ಮೊಬೈಲಿನ 0.5 ಬಟನ್ ಒತ್ತಿದರೆ ಸಿಗುವುದು ಹೆಚ್ಚುಕಡಿಮೆ 13 ಎಂಎಂ ನೋಟ.

ಮುಂದೆ ಒಂದು ವಸ್ತು ಇರಲಿ

ಹಂಪಿಯ ಚಕ್ರತೀರ್ಥದಲ್ಲಿ ಕೋದಂಡರಾಮ ದೇವಸ್ಥಾನದ ಹತ್ತಿರ ಹರಿಗೋಲುಗಳು ಇರುತ್ತವೆ. ಒಂದನ್ನು ದಡದಲ್ಲಿ ಬೋರಲು ಹಾಕಿದ್ದಾರೆ ಅಂದುಕೊಳ್ಳಿ. ನಿಂತೇ ಕ್ಲಿಕ್ ಮಾಡಿದರೆ ಅದು ಮೂಲೆಯಲ್ಲಿ ಬಿದ್ದ ಬುಟ್ಟಿ, ಅಷ್ಟೇ. ಈಗ ಮೊಣಕಾಲೂರಿ. ಹರಿಗೋಲಿನ ಅಂಚಿಗೂ ಲೆನ್ಸಿಗೂ ಎರಡೇ ಅಡಿ ಇರಲಿ. ಬಿದಿರಿನ ದಬ್ಬೆ ಒಂದರ ಮೇಲೊಂದು ಹಾದು ಹೋಗಿರುವುದು ಕಾಣುತ್ತದೆ, ಬಳಿದ ಟಾರು ಬಿರುಕು ಬಿಟ್ಟಿರುವುದೂ ಕಾಣುತ್ತದೆ. ಅಂಚಿನ ಆ ದುಂಡು ಗೆರೆ ಹಿಡಿದು ಕಣ್ಣು ನೀರಿಗೆ ಇಳಿಯುತ್ತದೆ, ಅಲ್ಲಿಂದ ಆಚೆ ದಡದ ಬಂಡೆಗುಡ್ಡಕ್ಕೆ ಹೋಗುತ್ತದೆ.

ಅಲ್ಲಿಂದ ಎರಡಡಿ ಹಿಂದೆ ಸರಿದು ನೋಡಿ. ಆ ಅಂಚು ಅರ್ಧಕ್ಕರ್ಧ ಚಿಕ್ಕದಾಗುತ್ತದೆ, ಗುಡ್ಡ ಮಾತ್ರ ಇದ್ದ ಹಾಗೇ ಇರುತ್ತದೆ. ಅದಕ್ಕೇ ಈ ಲೆನ್ಸಿನಲ್ಲಿ ಜೂಮ್ ತಿರುಗಿಸುವುದಕ್ಕಿಂತ ಅರ್ಧ ಹೆಜ್ಜೆ ಮುಂದೆ ಹಿಂದೆ ಆಡುವುದೇ ಮುಖ್ಯ. ಒಂದು ಎಚ್ಚರಿಕೆ: ವ್ಯೂಫೈಂಡರಿನಲ್ಲಿ ಎಲ್ಲವೂ ದೂರ ಇದ್ದಂತೆ ಕಾಣುತ್ತದೆ. ಹಾಗೆ ನಂಬಿ ಮುಂದೆ ಹೋಗಿ ನನ್ನ ಲೆನ್ಸ್ ಹುಡ್ ಬಂಡೆಗೆ ಉಜ್ಜಿದ ಗೀರು ಇನ್ನೂ ಇದೆ. ಮತ್ತೆ, ಹರಿಗೋಲು ಮುಟ್ಟುವ ಮೊದಲು ನಡೆಸುವವರನ್ನು ಒಂದು ಮಾತು ಕೇಳಿ.

ಫೋಕಸ್

ಹತ್ತಿರದ ದಬ್ಬೆಯೂ ದೂರದ ಗುಡ್ಡವೂ ಚೂಪಾಗಿ ಬರಬೇಕಲ್ವಾ? ಕಷ್ಟವೇನಿಲ್ಲ. ಫುಲ್‌ಫ್ರೇಮಿನಲ್ಲಿ 16 ಎಂಎಂ, ಎಫ್ 11 (ಎಫ್ ಅಂದರೆ ಲೆನ್ಸಿನ ತೂತಿನ ಅಳತೆ, ಅಂಕಿ ದೊಡ್ಡದಾದಷ್ಟೂ ತೂತು ಸಣ್ಣದು) ಇಟ್ಟು ಸುಮಾರು 80 ಸೆಂಟಿಮೀಟರಿಗೆ ಫೋಕಸ್ ಮಾಡಿದರೆ 40 ಸೆಂಟಿಮೀಟರಿನಿಂದ ಹಿಡಿದು ಕಣ್ಣು ಹಾಯುವವರೆಗೆ ಸ್ಪಷ್ಟವಾಗಿರುತ್ತದೆ. ಇದು ಲೆಕ್ಕದ ಮಾತು. ಗುಡ್ಡ ಸ್ವಲ್ಪ ಮೆತ್ತಗೆ ಕಂಡರೆ ಫೋಕಸ್ಸನ್ನು ಒಂದು ಮೀಟರಿಗೆ ತಳ್ಳಿ. ಸಣ್ಣ ಸೆನ್ಸರಿನಲ್ಲಿ 10 ಎಂಎಂ ಆದರೆ ಎಫ್ 8 ಸಾಕು. ಎಫ್ 22ಕ್ಕೆ ಹೋಗಬೇಡಿ. ಅಷ್ಟು ಸಣ್ಣ ತೂತಿನಲ್ಲಿ ಬೆಳಕು ಚದುರಿ ಇಡೀ ಚಿತ್ರವೇ ಮಬ್ಬಾಗುತ್ತದೆ.

ಗೋಪುರ ಬೀಳಬಾರದು

ವಿರೂಪಾಕ್ಷ ದೇವಸ್ಥಾನದ ಒಂಬತ್ತು ಅಂತಸ್ತಿನ ಗೋಪುರ ಸುಮಾರು 50 ಮೀಟರ್ ಎತ್ತರ. ಬುಡದಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿದಿರೋ, ಗೋಪುರ ಹಿಂದಕ್ಕೆ ವಾಲಿ ಬೀಳುವಂತೆ ಬರುತ್ತದೆ. ಕ್ಯಾಮೆರಾದ ಮೆನುವಿನಲ್ಲಿ ಲೆವೆಲ್ ಗೆರೆ ಇರುತ್ತದೆ, ಅದನ್ನು ಆನ್ ಮಾಡಿ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ, ಮೇಲಕ್ಕೂ ಕೆಳಕ್ಕೂ ಬಾಗಿಸದೆ ಮಟ್ಟಸವಾಗಿ ಹಿಡಿಯಿರಿ. 16 ಎಂಎಂನಲ್ಲಿ ಗೋಪುರ ಎಷ್ಟು ಎತ್ತರವೋ ಅಷ್ಟೇ ದೂರ ರಥಬೀದಿಯ ಕಡೆ ಹಿಂದೆ ಹೋದರೆ ಸಾಕು, ಕಳಸದವರೆಗೂ ನೆಟ್ಟಗೆ ಬರುತ್ತದೆ.

ಆದರೆ ಚಿತ್ರದ ಕೆಳಗಿನ ಅರ್ಧ ರಸ್ತೆಯೇ ಆಗುತ್ತದಲ್ಲ? ಹೌದು. ಮಳೆ ನಿಂತ ಗುಂಡಿ ಇದ್ದರೆ ಅದರಲ್ಲಿ ಗೋಪುರದ ಬಿಂಬ ಹಿಡಿಯಿರಿ. ಏನೂ ಇಲ್ಲದಿದ್ದರೆ ಆಮೇಲೆ ಕತ್ತರಿಸಿದರಾಯಿತು. ಅಂದಹಾಗೆ, ಇದೇ ದೇವಸ್ಥಾನದ ಒಳಗೆ ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಅಲ್ಲಿ ಪುಟ್ಟ ಕಿಂಡಿಯೇ ಕ್ಯಾಮೆರಾ. ಲೆನ್ಸಿಗೆ ದುಡ್ಡು ಸುರಿದವರು ಒಂದು ಸಲ ನೋಡಿ ಬರಬೇಕು.

ಅಂಚುಗಳನ್ನು ನೋಡಿ

ಕ್ಲಿಕ್ ಮಾಡುವ ಮೊದಲು ನಾಲ್ಕು ಮೂಲೆಗೂ ಕಣ್ಣಾಡಿಸಿ. ಟ್ರೈಪಾಡಿನ ಕಾಲು, ನಿಮ್ಮದೇ ಬ್ಯಾಗಿನ ಪಟ್ಟಿ, ಬೆನ್ನ ಹಿಂದೆ ಸೂರ್ಯ ಇದ್ದರೆ ನಿಮ್ಮ ಉದ್ದನೆ ನೆರಳು, ಎಲ್ಲವೂ ಒಳಗೆ ನುಗ್ಗಿರುತ್ತವೆ. ಗ್ರೂಪ್ ಫೋಟೊದಲ್ಲಿ ಅತ್ತೆ ಮಾವನನ್ನು ತುದಿಯಲ್ಲಿ ನಿಲ್ಲಿಸಬೇಡಿ. ಅಂಚಿನಲ್ಲಿ ಮುಖ ಎಳೆದಂತಾಗುತ್ತದೆ, ಆಮೇಲೆ ಮಾತು ಕೇಳಬೇಕಾದವರು ನೀವೇ.

ಪೋಲರೈಸರ್ ಫಿಲ್ಟರ್ (ಹೊಳಪು ತಗ್ಗಿಸಿ ಆಕಾಶದ ನೀಲಿ ಗಾಢವಾಗಿಸುವ ಗಾಜು) ಇದ್ದರೆ ಆಕಾಶಕ್ಕೆ ಹಾಕಬೇಡಿ. ಅದರ ಪರಿಣಾಮ ಸೂರ್ಯನಿಂದ 90 ಡಿಗ್ರಿ ಪಕ್ಕಕ್ಕೆ ಜಾಸ್ತಿ, ಉಳಿದ ಕಡೆ ಕಡಿಮೆ. ಇಷ್ಟಗಲದ ಫ್ರೇಮಿನಲ್ಲಿ ಆಕಾಶದ ನಡುವೆ ಕಡುನೀಲಿ ತೇಪೆ ಹಚ್ಚಿದಂತೆ ಬರುತ್ತದೆ.

ಹಂಪಿಯ ವಿಜಯ ವಿಠ್ಠಲ ದೇವಸ್ಥಾನದಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಿಡುವುದಿಲ್ಲ. ಮಂಟಪದೊಳಗೆ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿಸಿ. ಅಗಲ ಲೆನ್ಸಿನಲ್ಲಿ ಸೆಕೆಂಡಿನ 15ನೇ ಒಂದು ಭಾಗದ ಶಟರಿಗೂ ಕೈ ತಡೆಯುತ್ತದೆ, ಉಸಿರು ಬಿಗಿಹಿಡಿದರೆ ಸಾಕು. ಅಲ್ಲಿನ ಕಲ್ಲಿನ ರಥಕ್ಕೆ ಮಾತ್ರ ನನ್ನ ಮಟ್ಟಿಗೆ ಈ ಲೆನ್ಸ್ ಬೇಡ. ಸುತ್ತ ಬೇಲಿ ಇದೆ, ಹತ್ತಿರ ಹೋಗಲಾಗದು. ದೂರದಿಂದ ತೆಗೆದರೆ ರಥ ಆಟಿಕೆಯಾಗುತ್ತದೆ, ಸುತ್ತಲಿನ ಜನರ ಟೋಪಿಗಳೇ ಕಾಣುತ್ತವೆ. 35 ಎಂಎಂ ಹಾಕಿಕೊಳ್ಳಿ.

ಸೂರ್ಯನಿಗೆ ಎದುರಾಗಿ ತೆಗೆಯುವ ಮೊದಲು ಮುಂದಿನ ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಎಫ್ 16ರಲ್ಲಿ ಹರಿಗೋಲಿನಿಂದ ಸಿಡಿದ ಒಂದೇ ಒಂದು ಹನಿ ಕೂಡ ಆಕಾಶದಲ್ಲಿ ಬಿಳಿ ಮಚ್ಚೆಯಾಗಿ ಕೂರುತ್ತದೆ.