ಓದಿದ ಪುಸ್ತಕಕ್ಕೆ ಒಂದೇ ಸಾಲು ಅಂದಾಗ ಎಲ್ಲರೂ ನಕ್ಕಿದ್ದರು

ಕಳೆದ ವಾರ ನಮ್ಮ ಗುಂಪಿನ ಕೊನೆಯ ತಕರಾರುದಾರನೂ ಶರಣಾದ. ಸಾಫ್ಟ್‌ವೇರ್ ಬರೆದು ಬದುಕುವವನು ಅವನು. ಮೂರು ವರ್ಷದ ಹಿಂದೆ, ಪುಸ್ತಕಕ್ಕೆ ಒಂದು ಸಾಲಿನಂತೆ ನಾನು ಬರೆದಿಡುವ ಓದಿನ ಪಟ್ಟಿ ನೋಡಿ "ಟೆಕ್ಸ್ಟ್ ಫೈಲಾ? ಇದಕ್ಕಿಂತ ಗೋಡೆ ಮೇಲೆ ಇದ್ದಿಲಲ್ಲಿ ಗೀಚೋ" ಅಂದಿದ್ದ. ಈಗ ರಾತ್ರಿ ಹನ್ನೊಂದಕ್ಕೆ ಮೆಸೇಜು: "ಆ ನಿನ್ನ ಸಾಲಿನ ನಮೂನೆ ಕಳಿಸು. ಸುಮ್ನೆ ನೋಡೋಕೆ." ಸುಮ್ನೆ ನೋಡೋಕಂತೆ! ಆ ಖುಷಿಯಲ್ಲೇ ಇದನ್ನು ಬರೆಯಲು ಕೂತೆ.

ಓದಿನ ಲೆಕ್ಕ ಇಡುವ ಚಟ ಇದ್ದವರಿಗೆ ಗುಡ್‌ರೀಡ್ಸ್, ಲೈಬ್ರರಿಥಿಂಗ್, ಸ್ಟೋರಿಗ್ರಾಫ್ ಏನೆಂದು ಹೇಳಬೇಕಿಲ್ಲ. ಉಳಿದವರಿಗೆ: ಓದಿದ ಪುಸ್ತಕಗಳ ಪಟ್ಟಿ ಇಡುವ ಸೈಟುಗಳು ಅವು. ನಾನು ಎಲ್ಲೆಲ್ಲಿ ಮುಗ್ಗರಿಸಿದೆ ಅನ್ನೋದನ್ನಷ್ಟೇ ಹೇಳುತ್ತೇನೆ. ಅದೇ ಸಾಕಷ್ಟಿದೆ.

ನನ್ನ ಮೊದಲ ಪಟ್ಟಿ 2004ರದ್ದೋ 2005ರದ್ದೋ. ಆಗ ಬಳಕೆಯಲ್ಲಿದ್ದ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಒಂದು ಆಸ್ಕಿ ಫಾಂಟಿನಲ್ಲಿ ಕನ್ನಡ ಟೈಪ್ ಮಾಡಿ ಇಟ್ಟಿದ್ದೆ. ಕಂಪ್ಯೂಟರ್ ಬದಲಾಯಿತು, ಫಾಂಟು ಹಳೆಯದರಲ್ಲೇ ಉಳಿಯಿತು. ಫೈಲು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ, ಪ್ರಶ್ನಾರ್ಥಕ ಎಲ್ಲ ಕಲಸಿಹೋದ ಮೇಲೋಗರ. ಎಷ್ಟೋ ವರ್ಷದ ಮೇಲೆ ಪರಿವರ್ತಕಕ್ಕೆ ಹಾಕಿ ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ ತಂದೆ. ಮುಕ್ಕಾಲು ಪಾಲು ವಾಪಸ್ ಬಂತು, ಒತ್ತಕ್ಷರಗಳು ಅಲ್ಲಲ್ಲಿ ಉದುರಿದ್ದವು. ನೋಟ್‌ಬುಕ್ಕಿನಲ್ಲಿ ಪೆನ್ನಿಂದ ಬರೆದಿದ್ದರೆ ಇವತ್ತಿಗೂ ಪೂರ್ತಿ ಓದಬಹುದಿತ್ತು.

ಆಮೇಲೆ ಸೈಟುಗಳ ಕಾಲ. ಲೈಬ್ರರಿಥಿಂಗ್ ಬಂದದ್ದು 2005ರಲ್ಲಿ, ಗುಡ್‌ರೀಡ್ಸ್ 2007ರಲ್ಲಿ. ಗುಡ್‌ರೀಡ್ಸನ್ನು 2013ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಎರಡೂ ಇವತ್ತಿಗೂ ನಡೆಯುತ್ತಿವೆ, ನಾನೂ ವರ್ಷಗಟ್ಟಲೆ ಇಂಥ ಸೈಟುಗಳಲ್ಲೇ ಇದ್ದವನು. ತೊಂದರೆ ಅವುಗಳದ್ದಲ್ಲ, ನನ್ನದು. ವರ್ಷಕ್ಕೆ ಐವತ್ತು ಪುಸ್ತಕ ಅಂತ ಗುರಿ ಹಾಕಿಕೊಂಡೆ. ನವೆಂಬರ್ ಮುಗಿಯುವಾಗ ಲೆಕ್ಕ ಮೂವತ್ತೆಂಟೋ ಏನೋ. ಡಿಸೆಂಬರಿನಲ್ಲಿ ಕಪಾಟಿನ ಮುಂದೆ ನಿಂತು ಬೆನ್ನು ತೆಳ್ಳಗಿರುವ ಪುಸ್ತಕಗಳನ್ನೇ ಹೆಕ್ಕಿದೆ. ಐವತ್ತು ಮುಟ್ಟಿತು. ಆ ಹನ್ನೆರಡರಲ್ಲಿ ಒಂದರ ಹೆಸರೂ ಈಗ ನೆನಪಿಲ್ಲ.

ನಕ್ಷತ್ರ ಕೊಡುವುದರಲ್ಲೂ ಸುಳ್ಳಾಡಿದೆ. ಸ್ನೇಹಿತೆ ಉಡುಗೊರೆ ಕೊಟ್ಟ ಪುಸ್ತಕ ಮನಸ್ಸಿಗೆ ಹಿಡಿಸಲಿಲ್ಲ. ಎರಡು ನಕ್ಷತ್ರ ಹಾಕಿದರೆ ಅವಳ ಕಣ್ಣಿಗೆ ಬೀಳುತ್ತೆ. ನಾಲ್ಕು ಹಾಕಿದೆ. ಎರಡು ವರ್ಷ ಕಳೆದು ಆ ನಾಲ್ಕು ನಕ್ಷತ್ರ ನೋಡಿ ನಾನೇ ಮೋಸಹೋದೆ, "ಚೆನ್ನಾಗಿತ್ತಲ್ಲ" ಅಂದುಕೊಂಡು ಇನ್ನೊಬ್ಬರಿಗೆ ಓದಲು ಹೇಳಿದೆ. ಅವರು ಇನ್ನೂ ಆ ಮಾತು ಎತ್ತುತ್ತಾರೆ.

ದುಡ್ಡು ಕಳೆದುಕೊಂಡದ್ದು ಇದರ ಮುಂದಿನ ಹಂತದಲ್ಲಿ. ಒಂದು ಚಂದದ ಆ್ಯಪ್, ಹೆಸರು ಬೇಡ. ಗ್ರಾಫು, ಬಣ್ಣದ ಕಪಾಟು, ಗೆಳೆಯರ ಓದು ಒಂದೇ ಪರದೆಯಲ್ಲಿ. ಎರಡು ವರ್ಷದ ಚಂದಾ ಒಟ್ಟಿಗೆ ಕಟ್ಟಿದರೆ ಭಾರಿ ರಿಯಾಯಿತಿ ಅಂದರು, ಕಟ್ಟಿದೆ. ಏಳೆಂಟು ತಿಂಗಳಿಗೆ "ಇಷ್ಟು ದಿನ ಜೊತೆಗಿದ್ದದ್ದಕ್ಕೆ ಧನ್ಯವಾದ" ಅಂತ ಮೇಲ್ ಬಂತು. ಮುಚ್ಚಿಹೋಯಿತು. ಉಳಿದ ಚಂದಾ ಕೇಳಿ ಎರಡು ಸಲ ಬರೆದೆ, ಉತ್ತರವಿಲ್ಲ. ಆ ದುಡ್ಡಿಗೆ ನಾಲ್ಕು ದಪ್ಪ ಕಾದಂಬರಿ ಬರುತ್ತಿದ್ದವು. ಮೂರು ಜನ ಗೆಳೆಯರನ್ನೂ ಒತ್ತಾಯ ಮಾಡಿ ಸೇರಿಸಿದ್ದೆ, ಅವರ ದುಡ್ಡೂ ಹೋಯಿತು. ನನ್ನ ಮಾತಿಗೆ ಬೆಲೆ ಹೋದದ್ದು ಆವತ್ತೇ.

ಮುಚ್ಚುವ ಮುಂಚೆ ಸಿಎಸ್‌ವಿ ಫೈಲು (ಪಟ್ಟಿಯೆಲ್ಲ ಅಲ್ಪವಿರಾಮಗಳಿಂದ ಬೇರ್ಪಟ್ಟ ಬರೀ ಅಕ್ಷರಗಳಾಗಿ ಇರುವಂಥದ್ದು) ಇಳಿಸಿಕೊಂಡಿದ್ದೆ, ಅದೊಂದು ಬುದ್ಧಿವಂತಿಕೆ. ಅದನ್ನು ಸ್ಪ್ರೆಡ್‌ಶೀಟಿನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದೆ, ಅದು ಪೆದ್ದುತನ. ಕನ್ನಡ ಹೆಸರುಗಳೆಲ್ಲ ಗಬ್ಬೆದ್ದು ಹೋಗಿದ್ದವು. ಫೈಲು ಯುಟಿಎಫ್-8 ಅನ್ನೋ ಯೂನಿಕೋಡ್ ಸಂಕೇತದಲ್ಲಿತ್ತು, ತೆರೆದದ್ದು ಬೇರೆ ಸಂಕೇತದ ಲೆಕ್ಕದಲ್ಲಿ. ಪ್ರತಿ ಪುಸ್ತಕಕ್ಕೂ ಬೇರೆ ಬೇರೆ ಕೊಡುವ ಹದಿಮೂರು ಅಂಕಿಯ ಗುರುತಿನ ಸಂಖ್ಯೆಗಳು, ಅಂದರೆ ಐಎಸ್‌ಬಿಎನ್‌ಗಳು ಕಾಲಂ ಉದ್ದಕ್ಕೂ 9.78ಇ+12, 9.79ಇ+12 ಅಂತ ಮೊಟಕಾಗಿ ನಿಂತಿದ್ದವು. ಕಾಲಂ ಅಗಲ ಮಾಡಿದರೆ ಸರಿಹೋಗುತ್ತೆ ಅಂದುಕೊಂಡು ಮೊದಲು ಸೇವ್ ಒತ್ತಿದೆ. ಸಿಎಸ್‌ವಿಗೆ ಪರದೆಯ ಮೇಲೆ ಕಾಣುತ್ತಿದ್ದದ್ದೇ ಹೋಗುತ್ತದೆ, ಒಳಗಿದ್ದ ಸಂಖ್ಯೆ ಅಲ್ಲ. ಸುಮಾರು ಮುನ್ನೂರು ಪುಸ್ತಕ, ಎಲ್ಲಕ್ಕೂ ಸೇರಿ ಎರಡೇ ಐಎಸ್‌ಬಿಎನ್. ಬೇರೆ ಪ್ರತಿ ಇರಲಿಲ್ಲ. ಗುಡ್‌ರೀಡ್ಸ್‌ನಿಂದ ಇಳಿಸಿದ ಫೈಲಿನಲ್ಲಿ ಐಎಸ್‌ಬಿಎನ್ ಸುತ್ತ ಸಮ ಚಿಹ್ನೆ, ಉದ್ಧರಣ ಚಿಹ್ನೆ ಯಾಕೆ ಸುತ್ತಿರುತ್ತಾರೆ ಅನ್ನೋದು ಆವತ್ತು ತಲೆಗೆ ಹೋಯಿತು: ಅದನ್ನು ಸ್ಪ್ರೆಡ್‌ಶೀಟು ಲೆಕ್ಕದ ಸಂಖ್ಯೆ ಅಂದುಕೊಳ್ಳದಿರಲಿ ಅಂತ.

ಛಲಕ್ಕೆ ಬಿದ್ದು ಬಾರ್‌ಕೋಡ್ ಸ್ಕ್ಯಾನರ್ ಕೊಂಡೆ. ಫೋನಿನ ಕ್ಯಾಮೆರಾ ಸಾಕಿತ್ತು, ಕೈಯಲ್ಲಿ ಹಿಡಿದು "ಪೀಂ" ಅನ್ನಿಸುವ ಆಸೆ ಇತ್ತು ಅಷ್ಟೇ. ಎರಡು ಭಾನುವಾರ ಕೂತು ಕಪಾಟಿನ ನಾನೂರು ಚಿಲ್ಲರೆ ಪುಸ್ತಕಗಳನ್ನು ಒಂದೊಂದಾಗಿ ಹಿಡಿದೆ. ನೂರೈವತ್ತಕ್ಕಂತೂ ಸದ್ದೇ ಬರಲಿಲ್ಲ. ಐಎಸ್‌ಬಿಎನ್ ಅಂತಾರಾಷ್ಟ್ರೀಯ ಮಾನಕವಾದದ್ದೇ 1970ರಲ್ಲಿ, ಅದಕ್ಕೂ ಹಿಂದಿನ ಪ್ರತಿಗಳಲ್ಲಿ ಏನು ಹುಡುಕುವುದು? ಎಷ್ಟೋ ಪುಸ್ತಕಗಳಲ್ಲಿ ಹತ್ತು ಅಂಕಿಯ ಹಳೆ ಸಂಖ್ಯೆ ಮಾತ್ರ ಅಚ್ಚಾಗಿತ್ತು, ಗೆರೆಗಳೇ ಇಲ್ಲ. ಹದಿಮೂರು ಅಂಕಿ ಜಾರಿಗೆ ಬಂದದ್ದು 2007ರ ಜನವರಿಯಿಂದ. ಪೀಂ ಅಂದವುಗಳಲ್ಲೂ ಕೆಲವು ಕನ್ನಡ ಪುಸ್ತಕಗಳು ಇಂಗ್ಲಿಷ್ ಲಿಪಿಯ ವಿಚಿತ್ರ ಕಾಗುಣಿತದಲ್ಲಿ ಬಂದವು. ಸ್ಕ್ಯಾನರ್ ಈಗ ಡ್ರಾಯರಿನಲ್ಲಿದೆ. ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ.

ಇಷ್ಟೆಲ್ಲ ಆದ ಮೇಲೆ ಒಂದು ಮಾತು ಹೊಳೆಯಿತು. ಲೆಕ್ಕ ಇಡುವುದು ನನಗಾಗಿ. ಹಂಚಿಕೊಳ್ಳುವುದು ಎದುರಿನವರಿಗಾಗಿ. ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದ್ದೇ ತಪ್ಪು. ಎಲ್ಲರಿಗೂ ಕಾಣುವ ಪಟ್ಟಿಯಲ್ಲಿ ನಿಜ ಬರೆಯಲು ಆಗಲಿಲ್ಲ, ನಿಜ ಬರೆದದ್ದನ್ನು ಎಲ್ಲರಿಗೂ ತೋರಿಸಲು ಆಗಲಿಲ್ಲ. ಗಾಯಕ ಆರ್ಟ್ ಗಾರ್‌ಫಂಕಲ್ 1968ರಿಂದ ತಾವು ಓದಿದ ಪುಸ್ತಕಗಳ ಪಟ್ಟಿ ಇಟ್ಟುಕೊಂಡು ಬಂದಿದ್ದಾರೆ. ಓದಿದ ತಿಂಗಳು, ಲೇಖಕ, ಹೆಸರು, ಪ್ರಕಟವಾದ ವರ್ಷ, ಪುಟ. ನಕ್ಷತ್ರವಿಲ್ಲ, ಗ್ರಾಫಿಲ್ಲ. ಅದನ್ನು ನೋಡಿದ ಮೇಲೆ ನನಗೂ ಧೈರ್ಯ ಬಂತು.

ನನ್ನ ಸಾಲು ಹೀಗಿರುತ್ತದೆ:

2023-08-14 | ಪುಸ್ತಕದ ಹೆಸರು | ಲೇಖಕರು | ಮು | ಕೊ: ಅತ್ತಿಗೆ | ಮೊದಲ ನಲವತ್ತು ಪುಟ ತಡೆದುಕೊಂಡರೆ ಆಮೇಲೆ ಅದೇ ಎಳೆದುಕೊಂಡು ಹೋಗುತ್ತೆ

"ಮು" ಅಂದರೆ ಮುಗಿಸಿದೆ. ಬಿಟ್ಟಿದ್ದರೆ "ಬಿ 112", ಅಂದರೆ ನೂರಹನ್ನೆರಡನೇ ಪುಟಕ್ಕೆ ಕೈಬಿಟ್ಟೆ. ಎರಡನೇ ಸಲ ಓದಿದ್ದರೆ "ಮ". ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಹಾಗೆ ಬರೆದರೆ ಸಾಲುಗಳನ್ನು ಯಾವ ಯಂತ್ರ ಜೋಡಿಸಿದರೂ ಕಾಲಾನುಕ್ರಮದಲ್ಲೇ ನಿಲ್ಲುತ್ತವೆ. ನಕ್ಷತ್ರದ ಜಾಗಕ್ಕೆ "ಕೊ" ಬಂತು: ಇದನ್ನು ಯಾರಿಗೆ ಕೊಡಬಹುದು? ಪುಸ್ತಕ ಹೇಗಿತ್ತು ಅನ್ನೋ ಪ್ರಶ್ನೆಗೆ ಸುಳ್ಳು ಹೇಳಬಹುದು, ಯಾರಿಗೆ ಕೊಡ್ತೀಯ ಅನ್ನೋದಕ್ಕೆ ಹೇಳಲು ಕಷ್ಟ. ಯಾರಿಗೂ ಬೇಡ ಅನ್ನಿಸಿದರೆ ಅಡ್ಡಗೆರೆ. ಕೊನೆಯ ವಾಕ್ಯದಲ್ಲಿ ಒಂದು ಪದ ಬಳಸಬಾರದು ಅಂತ ನನಗೆ ನಾನೇ ಕಟ್ಟು ಮಾಡಿಕೊಂಡಿದ್ದೇನೆ. ವಾಕ್ಯಗಳಿಗೆ ಜೀವ ಬಂದದ್ದೇ ಅದರಿಂದ. ಯಾವ ಪದ ಅಂತ ಇಲ್ಲಿ ಹೇಳಲ್ಲ, ನೀವೇ ಹತ್ತು ಸಾಲು ಬರೆದು ನೋಡಿ, ಗೊತ್ತಾಗುತ್ತೆ.

ಟೆಕ್ಸ್ಟ್ ಫೈಲೂ ಪೂರ್ತಿ ಸಾಧುವೇನಲ್ಲ. ಒಬ್ಬರೇ ಲೇಖಕರ ಪುಸ್ತಕ ಹುಡುಕಿದರೆ ಒಂಬತ್ತು ಇರಬೇಕಾದ ಕಡೆ ಆರೇ ಸಿಗುತ್ತಿದ್ದವು. ಕಣ್ಣಿಗೆ ಹೆಸರು ಒಂದೇ ಥರ. ಒಂದು ಸಂಜೆ ಪೂರ್ತಿ ಅದರ ಬೆನ್ನು ಹತ್ತಿದೆ. ಫೋನಿನ ಕೀಬೋರ್ಡು ಅರ್ಧಾಕ್ಷರದ ಪಕ್ಕ ಕಾಣದ ಒಂದು ಅಕ್ಷರ ತುರುಕುತ್ತಿತ್ತು, ಕಂಪ್ಯೂಟರಿನದು ತುರುಕುತ್ತಿರಲಿಲ್ಲ. ಇನ್ನೊಂದು ಕಡೆ "ಕೊ" ಒಳಗಿನ ಒತ್ವ ಒಂದು ಸಾಲಿನಲ್ಲಿ ಒಂದೇ ಚಿಹ್ನೆಯಾಗಿ, ಮತ್ತೊಂದರಲ್ಲಿ ಎತ್ವ ಮತ್ತು ದೀರ್ಘ ಉಕಾರದ ಚಿಹ್ನೆ ಎರಡು ಸೇರಿ ಕೂತಿತ್ತು. ಎಲ್ಲಕ್ಕಿಂತ ತಮಾಷೆ, ಒಂದು ಕಡೆ ಅನುಸ್ವಾರದ ಜಾಗದಲ್ಲಿ ನಾನೇ ಕನ್ನಡದ ಸೊನ್ನೆ ಒತ್ತಿದ್ದೆ. ಈಗ ಲೇಖಕರ ಹೆಸರನ್ನು ಹೊಸದಾಗಿ ಟೈಪ್ ಮಾಡಲ್ಲ, ಹಳೆಯ ಸಾಲಿನಿಂದಲೇ ಎತ್ತಿ ಅಂಟಿಸುತ್ತೇನೆ.

ಇನ್ನು ಹಂಚಿಕೊಳ್ಳುವ ವಿಷಯ. ನಾವು ಏಳು ಜನ. ಮೊದಲು ವಾಟ್ಸ್‌ಆ್ಯಪ್ ಗುಂಪು ಮಾಡಿದೆವು. ಪುಸ್ತಕದ ಮಾತು ಶುಭೋದಯಗಳ ಕೆಳಗೆ ಹೂತುಹೋಗುತ್ತಿತ್ತು. ಆಮೇಲೆ ಎಲ್ಲರೂ ತುಂಬುವ ಒಂದು ಹಂಚಿಕೆಯ ಶೀಟು. ಇಬ್ಬರು ತುಂಬಿದರು, ಐವರು ತುಂಬಲಿಲ್ಲ ಅಂತ ಮುಖ ತಪ್ಪಿಸಿ ಓಡಾಡಿದರು. ಮೂರನೆಯದಾಗಿ ಬ್ರಾಡ್‌ಕಾಸ್ಟ್ ಲಿಸ್ಟ್. ಒಂದೇ ಮೆಸೇಜು ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವ ವಾಟ್ಸ್‌ಆ್ಯಪ್ ಸೌಲಭ್ಯ ಅದು. ನಾಲ್ಕು ತಿಂಗಳು ಶ್ರದ್ಧೆಯಿಂದ ಕಳಿಸಿದೆ, ಇಬ್ಬರಿಂದ ಒಂದು ಅಕ್ಷರ ಉತ್ತರವಿಲ್ಲ. ಬೇಜಾರಾಯಿತು, ಒಬ್ಬನ ಹತ್ತಿರ ಜಗಳಕ್ಕೇ ಹೋದೆ. "ಯಾವ ಮೆಸೇಜೋ ಮಾರಾಯ?" ಅಂದ. ಕಳಿಸುವವನ ನಂಬರ್ ತಮ್ಮ ಫೋನಿನಲ್ಲಿ ಸೇವ್ ಇದ್ದವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತೆ. ಆ ನಿಯಮ ನಾನು ಓದಿರಲಿಲ್ಲ. ಹೊಸ ಫೋನ್ ತಗೊಂಡ ಮೇಲೆ ಅವನು ನನ್ನ ನಂಬರ್ ಸೇವ್ ಮಾಡಿರಲಿಲ್ಲ. ಹದಿನೈದು ವರ್ಷದ ಸ್ನೇಹ. ಆ ಜಗಳ ಬೇರೆ ಕಡೆಗೆ ತಿರುಗಿತು, ಅದು ಇಲ್ಲಿ ಬೇಡ.

ಈಗ ಮಾಡುವುದು ಇಷ್ಟೇ. ತಿಂಗಳ ಮೊದಲ ಭಾನುವಾರ ಫೈಲು ತೆರೆಯುತ್ತೇನೆ. "ಕೊ" ಎದುರು ಯಾರ ಹೆಸರಿದೆಯೋ ಅವರಿಗೆ ಮಾತ್ರ, ಅವರ ಸಾಲು ಮಾತ್ರ, ಬೇರೆಯಾಗಿ ಕಳಿಸುತ್ತೇನೆ. ತಿಂಗಳಿಗೆ ನಾಲ್ಕೈದು ಸಾಲು, ಹತ್ತು ನಿಮಿಷ. ಹೆಸರು ಬಾರದವರಿಗೆ ಆ ತಿಂಗಳು ಏನೂ ಇಲ್ಲ. ಯಾವ ಸಾಲನ್ನು ತಡೆಹಿಡಿದು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಬೇಕು ಅನ್ನೋದರಲ್ಲಿ ನನ್ನದೊಂದು ಕೈಚಳಕ ಇದೆ, ಅದು ನನ್ನಲ್ಲೇ ಇರಲಿ.

ನೆನಪಿನ ಲೆಕ್ಕ ಹೇಳುತ್ತೇನೆ. ಮೂರು ವರ್ಷದಲ್ಲಿ ನೂರೆಂಬತ್ತು, ನೂರತೊಂಬತ್ತು ಸಾಲು. ಬಿಟ್ಟ ಪುಸ್ತಕಗಳೇ ಅರವತ್ತರ ಹತ್ತಿರ. ಸೈಟಿನಲ್ಲಿದ್ದಾಗ ಅವು ಲೆಕ್ಕಕ್ಕೇ ಬರುತ್ತಿರಲಿಲ್ಲ. ಗೆಳೆಯರಿಗೆ ಕಳಿಸಿದ್ದು ನೂರಿಪ್ಪತ್ತು ಇರಬಹುದು, ಅದರಲ್ಲಿ ನಲವತ್ತನ್ನಾದರೂ ಅವರು ಓದಿ ಮುಗಿಸಿದ್ದಾರೆ. ಗುಂಪಿನ ಕಾಲದಲ್ಲಿ ವರ್ಷಕ್ಕೆ ಮೂರೋ ನಾಲ್ಕೋ. ಖರ್ಚು ಸೊನ್ನೆ. ಮೇಲಾಗಿ, ಸಾಲಿನ ಕೊನೆಗೆ "ಕೊಟ್ಟಿದ್ದೇನೆ" ಅಂತ ದಿನಾಂಕ ಸಮೇತ ಸೇರಿಸತೊಡಗಿದ ಮೇಲೆ ಎರವಲು ಹೋದ ಪುಸ್ತಕಗಳು ವಾಪಸ್ ಬರುತ್ತಿವೆ. ಮುಂಚೆ ವರ್ಷಕ್ಕೆ ಎಂಟು ಹತ್ತು ಹೋದವು ಹೋದವೇ.

ನಡುವೆ ಒಂದೆರಡು ಹುಚ್ಚು ಪ್ರಯೋಗ ಮಾಡಿದೆ. ಆಡಿಯೊ ಪುಸ್ತಕಕ್ಕೆ ಪುಟದ ಬದಲು ಗಂಟೆ ಬರೆದೆ. ಒಂದೂವರೆ ಪಟ್ಟು ವೇಗದಲ್ಲಿ ಕೇಳಿದ ಒಂಬತ್ತು ಗಂಟೆಯ ಪುಸ್ತಕ ಒಂಬತ್ತೋ ಆರೋ ಅಂತ ಇನ್ನೂ ತೀರ್ಮಾನವಾಗಿಲ್ಲ. ಎಲ್ಲಿ ಕೂತು ಓದಿದೆ ಅಂತಲೂ ಆರು ತಿಂಗಳು ಬರೆದೆ. ಬಹುಪಾಲು ಹಾಸಿಗೆ ಅಂತಲೇ ಬಂತು, ಬಿಟ್ಟೆ. ಬಿಟ್ಟ ಪುಟಗಳ ಸಂಖ್ಯೆ ಒಟ್ಟುಗೂಡಿಸಿ ನೋಡಿದ್ದು ಮಾತ್ರ ಉಪಯೋಗಕ್ಕೆ ಬಂತು: ಮುಕ್ಕಾಲು ಪಾಲು ಅರವತ್ತನೇ ಪುಟದ ಒಳಗೇ ಬಿಟ್ಟಿದ್ದೆ. ಈಗ ಅರವತ್ತು ದಾಟಿದರೆ ಹಟ ಹಿಡಿದು ಮುಗಿಸುತ್ತೇನೆ, ಅದಕ್ಕೂ ಮುಂಚೆ ಬಿಡಲು ಸಂಕೋಚವಿಲ್ಲ.

ಸಾಫ್ಟ್‌ವೇರ್ ಗೆಳೆಯನ ಮೊದಲ ಸಾಲು ನಿನ್ನೆ ಬಂತು. ನಮೂನೆ ತಪ್ಪಿಸಿಲ್ಲ, ನಡುವಿನ ಗೆರೆಗಳೂ ಸರಿಯಾಗಿವೆ. ಆದರೆ "ಬಿ 31", "ಕೊ" ಎದುರು ನನ್ನ ಹೆಸರು, ಆಮೇಲೆ "ನಿನ್ನಂಥವರಿಗೆ ಹೇಳಿ ಬರೆಸಿದ ಹಾಗಿದೆ". ಪುಸ್ತಕ ತಂದಿದ್ದೇನೆ. ಐವತ್ತೆಂಟನೇ ಪುಟದಲ್ಲಿದ್ದೇನೆ.